ಗೇಣಿಗೆ ಮೂರು ಬೆರಳು ಕಮ್ಮಿ

ಕೋಳಿಫಾರಂ ಮುನಿನಾರಾಯಣಪ್ಪನ ಶೆಡ್ಡಿನಲ್ಲಿ
ಫೀಡ್ ಮೂಟೆಗಳ ಸಂದಿ, ಟಾರ್ಪಾಲು ಹೊದ್ದು
ಮಲಗಿತ್ತು ಅದು.
ಎರಡೇ ಬಾಗಿಲು. ಹದಿಮೂರು ವರ್ಷ. ಹುಣಸೆಹಣ್ಣಿನ ಬಣ್ಣ,
ಈ ಸಲದ ಹುಣಸೆಯಲ್ಲ, ಗಡಿಗೆಯಲ್ಲಿ ಉಳಿದ ಹೋದ ವರ್ಷದ್ದು.
"ಹೊಟ್ಟೆ ಸ್ಟೇರಿಂಗಿಗೆ ತಾಗುತ್ತೆ ಮೇಡಂ, ಅದಕ್ಕೇ ಮಾರ್ತಿರೋದು"
ಎಂದ. ಸುಳ್ಳಲ್ಲ. ಕಾಣುತ್ತಿತ್ತು.

ನಾನು ದನದ ಡಾಕ್ಟರು.
ಶ್ರೀನಿವಾಸಪುರದಿಂದ ದಿನಕ್ಕೆ ಏಳು ಹಳ್ಳಿ,
ಕರು ಅಡ್ಡ ಸಿಕ್ಕಿಕೊಂಡರೆ ರಾತ್ರಿ ಎಂಟನೆಯದೂ.
ಮೊದಲು ಇಲಾಖೆಯ ಜೀಪು, ಆಮೇಲೆ ಸ್ಕೂಟಿ,
ಆಮೇಲೆ ಎಲ್ಲರೂ ಕೊಳ್ಳುವ ಬಿಳಿ ಕಾರು,
ಮದುವೆಮನೆ ಮುಂದೆ ಯಾವುದು ನನ್ನದೆಂದು
ಕೀಲಿ ಒತ್ತಿ, ಕೂಗಿಸಿ, ಹುಡುಕಬೇಕಾದ್ದು.

ದಾನ ಕೊಟ್ಟ ಎಮ್ಮೆಯ ಹಲ್ಲೆಣಿಸಬಾರದು, ಒಪ್ಪಿದೆ.
ಇದು ದಾನವಲ್ಲ, ನಾಲ್ಕು ಲಕ್ಷದ ಎಂಬತ್ತು ಸಾವಿರ.
ದುಪಟ್ಟಾ ಸೊಂಟಕ್ಕೆ ಬಿಗಿದು, ಗೋಣಿ ಹಾಸಿ, ಅಂಗಾತ ಮಲಗಿ
ಹೊಟ್ಟೆಯ ಕೆಳಗೆ ಟಾರ್ಚ್ ಬಿಟ್ಟೆ.
ಎಣ್ಣೆ ಜಿನುಗಿದ ಗೆರೆ ಒಂದೇ, ಬೆವರಿನಷ್ಟು.
ಸೈಲೆನ್ಸರಿನ ಮೇಲೊಂದು ಹಳೆಯ ಗಾಯ, ಒಣಗಿದ್ದು.
ಸುಳಿ ಎಲ್ಲೂ ಕೆಟ್ಟದಿಲ್ಲ.
ಕೈ ಅಗಲಿಸಿ ನೆಲದಿಂದ ಅಳೆದೆ:
ಗೇಣಿಗೆ ಮೂರು ಬೆರಳು ಕಮ್ಮಿ.

ಅಲ್ಲೇ ಮಲಗಿ ಲೆಕ್ಕ ಹಾಕಿದೆ.
ರೋಣೂರು ಶಾಲೆ ಮುಂದಿನ ಹಂಪು ಮೊಣಕಾಲೆತ್ತರ.
ಯಲ್ದೂರಿನದು ಊರವರೇ ಹಾಕಿಕೊಂಡದ್ದು,
ಯಾರದೋ ಮನೆ ಕಟ್ಟಿ ಉಳಿದ ಸಿಮೆಂಟಿನಲ್ಲಿ, ಸಿಟ್ಟಿನಲ್ಲಿ.
ಗೌನಿಪಲ್ಲಿ ದಾರಿಗೆ ಮಾವಿನ ಕಾಲದ ಟ್ರ್ಯಾಕ್ಟರುಗಳು
ಬಿಟ್ಟುಹೋದ ಗುಂಡಿಗಳು, ಇದರ ಪಾಲಿಗೆ ಬಾವಿಗಳು.

ಮೆಕ್ಯಾನಿಕ್ ಬಾಬಾಜಾನ್ ಬಾನೆಟ್ಟಿಗೆ ಕಿವಿಯಿಟ್ಟು ಹೇಳಿದ:
"ಇದು ಕುದುರೆ ಮೇಡಂ, ನೇಗಿಲಿಗೆ ಕಟ್ಟಬೇಡಿ.
ಭಾನುವಾರ ಒಂದು ರೌಂಡು, ಸಾಕು."
ಕಟ್ಟಿ ನಿಲ್ಲಿಸಿದ ಕುದುರೆಗೇ ಕರುಳು ನುಲಿಯುವುದು ಬಾಬಾಜಾನ್,
ದಿನಾ ನಡೆಯುವುದು ನೋಡು, ಅದಕ್ಕೆ ನಾನು ಬೇಕಾಗುವುದಿಲ್ಲ.
ಅವನು ನಕ್ಕ. ಬಿಡಿಭಾಗಗಳ ಬೆಲೆ ಬರೆದ ಚೀಟಿ ಮಾತ್ರ
ನಗದೆ ಕೊಟ್ಟ.

ಯಾಕೆ ಎಂದು ಕೇಳಿದ ತಂಗಿಗೆ ಮೈಲೇಜು ಎಂದೆ.
ಲೀಟರಿಗೆ ಒಂಬತ್ತು! ಎಂಥ ಸುಳ್ಳು.
ಸತ್ತ ಕರುವನ್ನು ಹಗ್ಗ ಹಾಕಿ ಎಳೆದ ರಾತ್ರಿ,
ಎಷ್ಟು ತೊಳೆದರೂ ಮೊಣಕೈ ತನಕ ಅದೇ ವಾಸನೆ,
ತಾಯಿ ಕೂಗುವುದು ರಾಯಲ್ಪಾಡಿನ ತಿರುವಿನವರೆಗೂ ಕೇಳುತ್ತದೆ.
ಬಿಳಿ ಕಾರಿನಲ್ಲಿ ಅದು ಬರೀ ಮನೆಗೆ ಹೋಗುವ ದಾರಿ.
ಹದಿನೆಂಟು ಕಿಲೋಮೀಟರ್ ಏನಾದರೂ ಬೇರೆ ಆಗಬೇಕಿತ್ತು.

ಟ್ರಯಲ್ಲಿಗೆ ಪಿಳ್ಳಪ್ಪನನ್ನು ಕೂರಿಸಿಕೊಂಡೆ,
ನೈಟ್ರೋಜನ್ ಕ್ಯಾನು ಅವನ ತೊಡೆಯ ನಡುವೆ.
"ಇದ್ರೊಳಗೆ ಕೂರೋದಲ್ಲಮ್ಮಾ, ಇಳಿಯೋದು" ಎಂದ,
ಮಂಡಿ ಗದ್ದಕ್ಕೆ ಬಂದಿತ್ತು.
ಎರಡು, ಮೂರು, ನಾಲ್ಕನೇ ಗೇರು.
ಹುಣಸೆಮರಗಳು ಒಂದರೊಳಗೊಂದು ಹೊಕ್ಕು
ಪಿಳ್ಳಪ್ಪ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೇ ಬಿಟ್ಟ.

ಬ್ರೇಕು. ದನ ದಾಟುತ್ತಿದ್ದವು.
ಹಿಂದುಳಿದ ಕರುವೊಂದು ಬಂದು, ಬಗ್ಗಿ,
ಕಿಟಕಿಯಲ್ಲಿ ನನ್ನನ್ನು ನೋಡಿತು.
ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ
ಕರು ನನ್ನನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.
ಅಲ್ಲಿಗೆ ಮುಗಿದಿತ್ತು. ಉಳಿದದ್ದು ರೇಟು.

ದನದ ಸಂತೆಯ ಹಾಗೆ ಟವೆಲ್ಲಿನಡಿ ಆಗಲಿ ಎಂದ ಮುನಿನಾರಾಯಣಪ್ಪ;
ಹೆಂಗಸಿನ ಕೈ ಹಿಡಿಯಲು ನಾಚಿ ಸುಮ್ಮನೆ ನಿಂತ.
ಪಿಳ್ಳಪ್ಪ ತನ್ನ ಕೈ ಕೊಟ್ಟ. ನಾನು ಅವನ ಕಿವಿಯಲ್ಲಿ ಹೇಳಿದೆ.
ಟವೆಲ್ಲು ಅಲುಗಿತು, ನಿಂತಿತು, ಮತ್ತೆ ಅಲುಗಿತು.
ಮೂರು ಬೆರಳು ಕಮ್ಮಿಗೆ ಒಪ್ಪಿದ.

ಈಗ ರೋಣೂರು ಬಂದರೆ ಪಿಳ್ಳಪ್ಪ ಕೇಳದೆಯೇ ಇಳಿಯುತ್ತಾನೆ,
ಕ್ಯಾನೂ ಎತ್ತಿಕೊಂಡು, ಭಾರ ಕಡಿಮೆಯಾಗಲೆಂದು.
ನಾನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ,
ತುಂಬು ಗಬ್ಬದ ಹಸುವನ್ನು ಹಳ್ಳ ದಾಟಿಸುವ ಹಾಗೆ ದಾಟಿಸುತ್ತೇನೆ.
ಶಾಲೆ ಮಕ್ಕಳು ಕಾಂಪೌಂಡಿಗೆ ಜೋತು ಎಣಿಸುತ್ತವೆ:
ಒಂದು, ಎರಡು, ಮೂರು—
ಕರ್ರ್ ಎಂದರೆ ಚಪ್ಪಾಳೆ ಅವಕ್ಕೆ.
ಎನ್ನದಿದ್ದರೆ ಪಿಳ್ಳಪ್ಪನಿಗೆ.